ನಡತೆಯ ತಕ್ಕಡಿ ಮತ್ತು ಅಮೆರಿಕದ ಧಾರ್ಮಿಕ ಬಲಪಂಥ

(ಓದುಗರ ಬಳಗದ ಕೂಟವೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



2002ರ ಅಕ್ಟೋಬರ್ 6ರಂದು ಅಮೆರಿಕದ ಸಿಬಿಎಸ್ ವಾಹಿನಿಯ '60 ಮಿನಿಟ್ಸ್' ಕಾರ್ಯಕ್ರಮದಲ್ಲಿ ಜೆರ್ರಿ ಫಾಲ್ವೆಲ್ ಎಂಬ ಪಾದ್ರಿ ಪ್ರವಾದಿ ಮುಹಮ್ಮದ್(ಸ)ರನ್ನು ಭಯೋತ್ಪಾದಕನೆಂದು ಕರೆದರು. ಒಂದು ವಾರ ಕಳೆಯುವುದರೊಳಗೆ ನಮ್ಮ ವಿಜಾಪುರದ ನೆರೆಯಲ್ಲೇ ಇರುವ ಸೊಲ್ಲಾಪುರದಲ್ಲಿ ಅದರ ವಿರುದ್ಧ ಬಂದ್ ನಡೆಯಿತು. ಬಂದ್ ಘರ್ಷಣೆಗೆ ತಿರುಗಿತು, ಹಲವರು ಪ್ರಾಣ ಕಳೆದುಕೊಂಡರು. ಸೊಲ್ಲಾಪುರದ ಬೀದಿಯಲ್ಲಿ ಹೆಣಗಳು ಬಿದ್ದ ಮೇಲೆ ಫಾಲ್ವೆಲ್ ಕ್ಷಮೆ ಯಾಚಿಸಿದರು. ವರ್ಜೀನಿಯಾದ ಲಿಂಚ್‌ಬರ್ಗ್ ಎಂಬ ಊರಿನ ಪಾದ್ರಿಗೆ ಸೊಲ್ಲಾಪುರ ಎಲ್ಲಿದೆ ಎಂಬುದೂ ತಿಳಿದಿರಲಿಕ್ಕಿಲ್ಲ. ನಮ್ಮವರಿಗೂ ಆತ ಯಾರೆಂಬುದು ತಿಳಿದಿರಲಿಲ್ಲ. ಆಗ ನಾನು ಮದ್ರಸಕ್ಕೆ ಹೋಗುತ್ತಿದ್ದ ಹುಡುಗ. ದೊಡ್ಡವರ ಬಾಯಲ್ಲಿ ಕೇಳಿದ್ದು ಒಂದೇ ಮಾತು: 'ಅಮೆರಿಕದವರು ಹೀಗೆಂದರು.'

ಅಮೆರಿಕದವರು ಎಂದರೆ ಯಾರು? ಅಲ್ಲಿನ ಸಂಪ್ರದಾಯವಾದಿ ಬರಹಗಾರರ, ಧರ್ಮಬೋಧಕರ, ವ್ಯಾಖ್ಯಾನಕಾರರ ಲೋಕವೊಂದಿದೆ. ನಮ್ಮ ಪತ್ರಿಕೆಗಳು ಅದನ್ನು ಒಂದೇ ಬಣ್ಣದಲ್ಲಿ ಬಳಿದುಬಿಡುತ್ತವೆ. ನಾನೂ ಅನೇಕ ಬಾರಿ ಹಾಗೆ ಬರೆದಿದ್ದೇನೆ. ಇಂದು ಆ ಲೋಕದ ಒಳಜಗಳದ ಕುರಿತು ಮಾತನಾಡಬೇಕೆಂದಿದ್ದೇನೆ.

ಮೊದಲು ಫಾಲ್ವೆಲ್‌ರನ್ನೇ ನೋಡೋಣ. 1965ರಲ್ಲಿ, ಕರಿಯರ ನಾಗರಿಕ ಹಕ್ಕುಗಳ ಚಳವಳಿ ತಾರಕಕ್ಕೇರಿದ್ದ ದಿನಗಳಲ್ಲಿ, ಇದೇ ವ್ಯಕ್ತಿ ತಮ್ಮ ಚರ್ಚ್‌ನಲ್ಲಿ ಒಂದು ಪ್ರವಚನ ನೀಡಿದ್ದರು. ಪಾದ್ರಿಯ ಕೆಲಸ ಆತ್ಮಗಳನ್ನು ಗೆಲ್ಲುವುದು, ರಾಜಕಾರಣ ಮಾಡುವುದಲ್ಲ, ಮೆರವಣಿಗೆ ಹೊರಡುವುದಲ್ಲ ಎಂಬುದು ಅದರ ಸಾರ. ಮಾರ್ಟಿನ್ ಲೂಥರ್ ಕಿಂಗ್‌ರಂತಹ ಪಾದ್ರಿಗಳಿಗೆ ನೀಡಿದ ಚುಚ್ಚು ಅದು. ಹದಿನಾಲ್ಕು ವರ್ಷಗಳ ಬಳಿಕ, 1979ರಲ್ಲಿ, ಅವರೇ 'ಮಾರಲ್ ಮೆಜಾರಿಟಿ' ಎಂಬ ರಾಜಕೀಯ ಸಂಘಟನೆಯನ್ನು ಸ್ಥಾಪಿಸಿದರು. ಹಳೆಯ ಪ್ರವಚನವನ್ನು ತಪ್ಪೆಂದು ತಳ್ಳಿಹಾಕಿದರು.

ಈ ಪರಿವರ್ತನೆಗೆ ಕಾರಣವೇನು? 1973ರಲ್ಲಿ ಸುಪ್ರೀಂ ಕೋರ್ಟ್ ಗರ್ಭಪಾತಕ್ಕೆ ಸಾಂವಿಧಾನಿಕ ರಕ್ಷಣೆ ನೀಡಿದ 'ರೋ ವಿರುದ್ಧ ವೇಡ್' ತೀರ್ಪೇ ಕಾರಣವೆಂಬುದು ಅವರ ಉತ್ತರ. ಆದರೆ ಅಮೆರಿಕದ ಅತಿ ದೊಡ್ಡ ಪ್ರೊಟೆಸ್ಟೆಂಟ್ ಪಂಗಡವಾದ ಸದರ್ನ್ ಬ್ಯಾಪ್ಟಿಸ್ಟ್ ಒಕ್ಕೂಟ 1971ರಲ್ಲಿ, ತಾಯಿಯ ದೈಹಿಕ ಮಾತ್ರವಲ್ಲ ಮಾನಸಿಕ ಆರೋಗ್ಯಕ್ಕೆ ಹಾನಿಯಾಗುವ ಸಂದರ್ಭದಲ್ಲೂ ಗರ್ಭಪಾತಕ್ಕೆ ಅವಕಾಶವಿರಬೇಕೆಂದು ನಿರ್ಣಯ ಸ್ವೀಕರಿಸಿತ್ತು. ಗರ್ಭಪಾತದ ವಿರುದ್ಧ ಆರಂಭದಿಂದ ಹೋರಾಡಿದವರು ಮುಖ್ಯವಾಗಿ ಕೆಥೊಲಿಕರು. ಇವಾಂಜೆಲಿಕಲ್ ನಾಯಕರನ್ನು ಮೊದಲು ಕೆರಳಿಸಿದ್ದು ಬೇರೆಯೇ ವಿಷಯವೆಂದು ರ್‍ಯಾಂಡಲ್ ಬಾಮರ್ ಎಂಬ ಇತಿಹಾಸಕಾರರು ವಾದಿಸುತ್ತಾರೆ: ವರ್ಣಭೇದ ಪಾಲಿಸುತ್ತಿದ್ದ ಕ್ರೈಸ್ತ ಶಾಲಾ ಕಾಲೇಜುಗಳ ತೆರಿಗೆ ವಿನಾಯಿತಿಗೆ ಬಂದ ಕುತ್ತು. ಬಾಬ್ ಜೋನ್ಸ್ ವಿಶ್ವವಿದ್ಯಾನಿಲಯದ ಮೊಕದ್ದಮೆ ಇದರ ಪ್ರಸಿದ್ಧ ಉದಾಹರಣೆ. 1983ರಲ್ಲಿ ಅದು ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಬಾಮರ್ ಅವರ ವಾದವನ್ನು ಎಲ್ಲ ಇತಿಹಾಸಕಾರರೂ ಒಪ್ಪುವುದಿಲ್ಲ. ನನಗಂತೂ ಎರಡೂ ಕಾರಣಗಳಲ್ಲಿ ಹುರುಳಿದೆ ಎನಿಸುತ್ತದೆ.

1980ರ ಚುನಾವಣೆಯಲ್ಲಿ ಒಂದು ಕಡೆ ಜಿಮ್ಮಿ ಕಾರ್ಟರ್ ಇದ್ದರು. ಚರ್ಚ್‌ನಲ್ಲಿ ಭಾನುವಾರದ ಬೈಬಲ್ ಪಾಠ ಹೇಳುತ್ತಿದ್ದ ಬ್ಯಾಪ್ಟಿಸ್ಟ್ ಅವರು. ಇನ್ನೊಂದು ಕಡೆ ವಿಚ್ಛೇದಿತರಾಗಿ ಮರುಮದುವೆಯಾಗಿದ್ದ ಹಾಲಿವುಡ್ ನಟ ರೊನಾಲ್ಡ್ ರೇಗನ್. ಕುಟುಂಬ ಮೌಲ್ಯಗಳ ಹೆಸರಿನಲ್ಲಿ ಹುಟ್ಟಿದ ಮಾರಲ್ ಮೆಜಾರಿಟಿ ರೇಗನ್‌ರ ಬೆನ್ನಿಗೆ ನಿಂತಿತು. ನೀತಿಗಾಗಿ ವ್ಯಕ್ತಿಯನ್ನು ಆರಿಸುವುದರಲ್ಲಿ ತಪ್ಪಿಲ್ಲವೆಂದು ಯಾರಾದರೂ ಹೇಳಬಹುದು. ಹೇಳಲಿ. ಆದರೆ ಅವರು ಹಾಗೆ ಹೇಳಲಿಲ್ಲ. ನಡತೆಯೇ ಸರ್ವಸ್ವ ಎಂದರು.

ಇನ್ನು ಬರಹಗಾರರ ಕಡೆಗೆ ಬರೋಣ. ಅಮೆರಿಕದ ಆಧುನಿಕ ಸಂಪ್ರದಾಯವಾದಿ ಪತ್ರಿಕೋದ್ಯಮ 1955ರ ನವೆಂಬರ್‌ನಲ್ಲಿ ವಿಲಿಯಂ ಬಕ್ಲಿ ಎಂಬ, ಇನ್ನೂ ಮೂವತ್ತು ತುಂಬದ ಯುವಕ ಆರಂಭಿಸಿದ 'ನ್ಯಾಷನಲ್ ರಿವ್ಯೂ' ಪತ್ರಿಕೆಯಿಂದ ರೂಪು ಪಡೆಯಿತು. 1957ರಲ್ಲಿ ಆ ಪತ್ರಿಕೆ, ದಕ್ಷಿಣದ ರಾಜ್ಯಗಳಲ್ಲಿ ಬಿಳಿಯರ ಮೇಲುಗೈ ಮುಂದುವರಿಯಬೇಕೆಂದು ಸಂಪಾದಕೀಯ ಬರೆಯಿತು. ಅದು ಅಕ್ಷಮ್ಯ. ಆದರೆ 1962ರಲ್ಲಿ ಅದೇ ಬಕ್ಲಿ ತಮ್ಮದೇ ಬಳಗದ ವಿರುದ್ಧವೂ ಬರೆದರು. ಅಧ್ಯಕ್ಷರಾಗಿದ್ದ ಐಸೆನ್‌ಹೋವರ್‌ರನ್ನೇ ಕಮ್ಯುನಿಸ್ಟ್ ಏಜೆಂಟ್ ಎನ್ನುತ್ತಿದ್ದ ಜಾನ್ ಬರ್ಚ್ ಸೊಸೈಟಿಯ ಮುಖಂಡನನ್ನು ಹೆಸರಿಸಿ ಖಂಡಿಸಿದರು. ಆ ಸೊಸೈಟಿಯ ಸದಸ್ಯರೇ ಪತ್ರಿಕೆಯ ಚಂದಾದಾರರು. ಚಂದಾ ರದ್ದಾಯಿತು, ದೇಣಿಗೆ ನಿಂತಿತು. ವಾರಪತ್ರಿಕೆಯೊಂದನ್ನು ನಡೆಸುವುದರ ಕಷ್ಟ ಬಲ್ಲವರಿಗೆ ಇದರ ಬೆಲೆ ಅರ್ಥವಾಗುತ್ತದೆ.

ಇರಾಕ್ ಯುದ್ಧದ ಸಂದರ್ಭದಲ್ಲಂತೂ ಈ ಒಳಜಗಳ ಬಯಲಾಯಿತು. ಅದಕ್ಕೂ ಮುನ್ನ ಒಂದು ವಿಷಯ ನೆನಪಿಸಬೇಕು. 2000ದ ಅಕ್ಟೋಬರ್‌ನಲ್ಲಿ ಅಮೆರಿಕದ ಪ್ರಮುಖ ಮುಸ್ಲಿಂ ಸಂಘಟನೆಗಳ ಜಂಟಿ ರಾಜಕೀಯ ಸಮಿತಿ ಜಾರ್ಜ್ ಡಬ್ಲ್ಯು. ಬುಷ್‌ರಿಗೆ ಬೆಂಬಲ ಘೋಷಿಸಿತ್ತು. ವಲಸಿಗರ ವಿರುದ್ಧ ರಹಸ್ಯ ಸಾಕ್ಷ್ಯ ಬಳಸುವುದನ್ನು ಅವರು ಟಿ.ವಿ. ಚರ್ಚೆಯಲ್ಲಿ ಟೀಕಿಸಿದ್ದು ಅದಕ್ಕೆ ಒಂದು ಕಾರಣ. ಮುಂದಿನ ಮೂರು ವರ್ಷಗಳಲ್ಲಿ ಏನೇನಾಯಿತೆಂದು ನಿಮಗೆ ಹೇಳಬೇಕಾಗಿಲ್ಲ.

2002ರ ಅಕ್ಟೋಬರ್‌ನಲ್ಲೇ, ಅಂದರೆ ಫಾಲ್ವೆಲ್ ಆ ಮಾತನ್ನಾಡಿದ ತಿಂಗಳಲ್ಲೇ, ಸದರ್ನ್ ಬ್ಯಾಪ್ಟಿಸ್ಟರ ನೈತಿಕ ವಿಭಾಗದ ಮುಖ್ಯಸ್ಥ ರಿಚರ್ಡ್ ಲ್ಯಾಂಡ್ ಕೆಲವು ಇವಾಂಜೆಲಿಕಲ್ ನಾಯಕರೊಂದಿಗೆ ಅಧ್ಯಕ್ಷ ಬುಷ್‌ರಿಗೆ ಪತ್ರ ಬರೆದು, ಇರಾಕಿನ ಮೇಲಿನ ದಾಳಿ ಕ್ರೈಸ್ತ ಪರಂಪರೆಯ 'ನ್ಯಾಯಯುತ ಯುದ್ಧ'ದ ಕಲ್ಪನೆಗೆ ಹೊಂದುತ್ತದೆಂದು ಸಮರ್ಥಿಸಿದರು. ಪೋಪ್ ಎರಡನೇ ಜಾನ್ ಪಾಲ್ ಇದನ್ನು ಒಪ್ಪಲಿಲ್ಲ. 2003ರ ಮಾರ್ಚ್‌ನಲ್ಲಿ ತಮ್ಮ ದೂತರಾಗಿ ಕಾರ್ಡಿನಲ್ ಒಬ್ಬರನ್ನು ಶ್ವೇತಭವನಕ್ಕೇ ಕಳುಹಿಸಿದರು. ಇದಕ್ಕಿಂತ ಕುತೂಹಲಕರವಾದುದು ಪ್ಯಾಟ್ ಬುಕಾನನ್‌ರ ನಿಲುವು. ವಲಸಿಗರ ಕುರಿತು ಕಟುವಾಗಿ ಬರೆಯುತ್ತಿದ್ದ, 1992ರಲ್ಲಿ ರಿಪಬ್ಲಿಕನ್ ಸಮಾವೇಶದ ವೇದಿಕೆಯಿಂದ ಅಮೆರಿಕದ ಆತ್ಮಕ್ಕಾಗಿ ಧಾರ್ಮಿಕ ಯುದ್ಧ ನಡೆಯುತ್ತಿದೆಯೆಂದು ಸಾರಿದ ಕಟ್ಟಾ ಬಲಪಂಥೀಯ ಅವರು. ಅವರೇ 2002ರಲ್ಲಿ 'ದಿ ಅಮೆರಿಕನ್ ಕನ್ಸರ್ವೇಟಿವ್' ಎಂಬ ಪತ್ರಿಕೆ ಆರಂಭಿಸಿ ಇರಾಕ್ ಯುದ್ಧವನ್ನು ವಿರೋಧಿಸಿದರು. ಪರದೇಶವನ್ನು ಬಾಂಬಿನಿಂದ ಸುಧಾರಿಸುವುದು ಯಾವ ಸಂಪ್ರದಾಯವಾದ ಎಂಬುದು ಅವರ ವಾದದ ತಿರುಳು. 'ನ್ಯಾಷನಲ್ ರಿವ್ಯೂ' 2003ರಲ್ಲಿ ಇಂಥವರಿಗೆ ದೇಶಭಕ್ತಿ ಇಲ್ಲವೆಂಬ ಹಣೆಪಟ್ಟಿ ಹಚ್ಚಿ ಮುಖಪುಟ ಲೇಖನ ಪ್ರಕಟಿಸಿತು. ಯುದ್ಧವನ್ನು ಪ್ರಶ್ನಿಸಿದವನು ದೇಶದ್ರೋಹಿ! ಈ ಸರಕು ಅಮೆರಿಕದಲ್ಲಿ ಮಾತ್ರ ಉತ್ಪಾದನೆಯಾಗುವುದೆಂದು ಭಾವಿಸಬೇಡಿ.

ಈಗ ನಡತೆಯ ಪ್ರಶ್ನೆಗೆ ಮರಳುತ್ತೇನೆ. 1998ರಲ್ಲಿ ಬಿಲ್ ಕ್ಲಿಂಟನ್‌ರ ಅನೈತಿಕ ಸಂಬಂಧ ಬಯಲಾದಾಗ ಸಂಪ್ರದಾಯವಾದಿಗಳು ಎತ್ತಿದ ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಸದರ್ನ್ ಬ್ಯಾಪ್ಟಿಸ್ಟರು ಆ ವರ್ಷದ ಜೂನ್‌ನಲ್ಲಿ, ಸಾರ್ವಜನಿಕ ಹುದ್ದೆಯಲ್ಲಿರುವವರ ನೈತಿಕ ಚಾರಿತ್ರ್ಯವನ್ನು ಕಡೆಗಣಿಸಬಾರದೆಂದು ನಿರ್ಣಯ ಅಂಗೀಕರಿಸಿದರು. ವಿಲಿಯಂ ಬೆನೆಟ್ 'ದಿ ಡೆತ್ ಆಫ್ ಔಟ್‌ರೇಜ್' ಎಂಬ ಪುಸ್ತಕವನ್ನೇ ಬರೆದರು. 'ಫೋಕಸ್ ಆನ್ ದಿ ಫ್ಯಾಮಿಲಿ' ಸಂಸ್ಥೆಯ ಜೇಮ್ಸ್ ಡಾಬ್ಸನ್ ತಮ್ಮ ಬೆಂಬಲಿಗರಿಗೆ ದೀರ್ಘ ಪತ್ರ ಬರೆದು, ಜನರು ಚಾರಿತ್ರ್ಯವನ್ನು ಲೆಕ್ಕಕ್ಕಿಡದಿರುವುದಕ್ಕೆ ಕಳವಳ ವ್ಯಕ್ತಪಡಿಸಿದರು.

ಮದ್ರಸದಲ್ಲಿ ಹದೀಸ್ ಪಾಠದ ವೇಳೆ ನಮಗೆ ಮೊದಲು ಕಲಿಸಿದ್ದು ಜರ್ಹ್ ಮತ್ತು ತಅದೀಲ್, ಅಂದರೆ ವರದಿಗಾರನ ನಡತೆಯ ವಿಮರ್ಶೆ. ಮಾತು ಎಷ್ಟೇ ಸುಂದರವಾಗಿರಲಿ, ಹೇಳಿದವನು ಸುಳ್ಳುಗಾರನಾದರೆ ಅದು ದುರ್ಬಲ. ಅವನು ನಮ್ಮ ಪಂಗಡದವನೋ ಅಲ್ಲವೋ ಎಂಬುದರಿಂದ ತಕ್ಕಡಿ ಬದಲಾಗುವುದಿಲ್ಲ. ಆದ್ದರಿಂದ ಬೆನೆಟ್ ಮತ್ತು ಡಾಬ್ಸನ್ 1998ರಲ್ಲಿ ಎತ್ತಿದ ಪ್ರಶ್ನೆ ನನಗೆ ಅಪರಿಚಿತವೆನಿಸಲಿಲ್ಲ.

2016ರಲ್ಲಿ ಏನಾಯಿತು? ಆ ಅಕ್ಟೋಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ಮಹಿಳೆಯರ ಕುರಿತು ಆಡಿದ್ದ ಅಸಹ್ಯ ಮಾತುಗಳ ಧ್ವನಿಮುದ್ರಿಕೆ ಹೊರಬಿತ್ತು. ಬೆನೆಟ್ ಟ್ರಂಪ್‌ರನ್ನು ಬೆಂಬಲಿಸಿದರು. ಡಾಬ್ಸನ್ ಆತನನ್ನು ಕ್ರೈಸ್ತ ನಂಬಿಕೆಯಲ್ಲಿ ಇನ್ನೂ ಹಸುಗೂಸು ಎಂದು ವಿವರಿಸಿ ಬೆಂಬಲಿಸಿದರು. ಮತಗಟ್ಟೆ ಸಮೀಕ್ಷೆಗಳ ಪ್ರಕಾರ ಬಿಳಿಯ ಇವಾಂಜೆಲಿಕಲರಲ್ಲಿ ಸುಮಾರು ಶೇ. 81ರಷ್ಟು ಮಂದಿ ಟ್ರಂಪ್‌ಗೆ ಮತ ನೀಡಿದರು. ಮತಕ್ಕಿಂತಲೂ ನನ್ನನ್ನು ಕಾಡಿದ್ದು ಪಿಆರ್‌ಆರ್‌ಐ ಎಂಬ ಸಂಸ್ಥೆಯ ಸಮೀಕ್ಷೆ. ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದವನು ಸಾರ್ವಜನಿಕ ಹುದ್ದೆಯನ್ನು ನೈತಿಕವಾಗಿ ನಿರ್ವಹಿಸಬಲ್ಲನೇ ಎಂಬ ಪ್ರಶ್ನೆಗೆ 2011ರಲ್ಲಿ ಹೌದೆಂದ ಬಿಳಿಯ ಇವಾಂಜೆಲಿಕಲರು ಶೇ. 30. 2016ರಲ್ಲಿ ಶೇ. 72. ಯಾವ ಧರ್ಮಕ್ಕೂ ಸೇರದವರ ಅಭಿಪ್ರಾಯ ಆ ಐದು ವರ್ಷಗಳಲ್ಲಿ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ನಡತೆ ಮುಖ್ಯವೆಂದು ಅತಿ ಹೆಚ್ಚು ಒತ್ತಿ ಹೇಳುತ್ತಿದ್ದವರೇ ಅತಿ ವೇಗವಾಗಿ ಅದನ್ನು ಕೈಬಿಟ್ಟರು. ಅಭ್ಯರ್ಥಿಯನ್ನು ಧರ್ಮದ ತಕ್ಕಡಿಯಲ್ಲಿ ತೂಗಲು ಹೊರಟವರು ಕೊನೆಗೆ ಅಭ್ಯರ್ಥಿಗೆ ತಕ್ಕಂತೆ ತಕ್ಕಡಿಯನ್ನೇ ತಿದ್ದಿಕೊಂಡರು.

ಇದರ ಹಿಂದೆ ಅಧಿಕಾರದ ಆಸೆ ಮಾತ್ರವಲ್ಲ, ಮಾರುಕಟ್ಟೆಯೂ ಇದೆ. ವಿವಾದಾಸ್ಪದ ವಿಷಯಗಳಲ್ಲಿ ಎರಡೂ ಪಕ್ಷದ ವಾದ ಪ್ರಸಾರ ಮಾಡಬೇಕೆಂಬ ನಿಯಮ ಅಮೆರಿಕದ ರೇಡಿಯೋ, ಟಿ.ವಿ. ಕೇಂದ್ರಗಳಿಗಿತ್ತು. 1987ರಲ್ಲಿ ಅದನ್ನು ಕೈಬಿಡಲಾಯಿತು. ಮರುವರ್ಷವೇ ರಶ್ ಲಿಂಬಾ ಎಂಬ ರೇಡಿಯೋ ವಾಚಾಳಿ ದೇಶವ್ಯಾಪಿಯಾದರು. 1996ರಲ್ಲಿ ಫಾಕ್ಸ್ ನ್ಯೂಸ್ ಬಂತು. ಬಕ್ಲಿ ಚಂದಾದಾರರನ್ನು ಕಳೆದುಕೊಳ್ಳಲು ಸಿದ್ಧರಿದ್ದರು. ಫಾಕ್ಸ್ ವೀಕ್ಷಕರನ್ನು ಕಳೆದುಕೊಳ್ಳಲು ಸಿದ್ಧವಿರಲಿಲ್ಲ. 2020ರ ಚುನಾವಣೆಯ ರಾತ್ರಿ ಅರಿಝೋನಾದಲ್ಲಿ ಬೈಡನ್ ಗೆದ್ದರೆಂದು ಅದು ಘೋಷಿಸಿದಾಗ ವೀಕ್ಷಕರು ಸಿಟ್ಟಾಗಿ ಬೇರೆ ವಾಹಿನಿಯತ್ತ ವಾಲತೊಡಗಿದರು. ಬಳಿಕ ಮತಯಂತ್ರಗಳಲ್ಲಿ ಮೋಸ ನಡೆದಿದೆಯೆಂಬ ಸುಳ್ಳು ಅದರ ಪರದೆಯ ಮೇಲೆ ಹರಿಯಿತು. ಮತಯಂತ್ರ ತಯಾರಕ ಡೊಮಿನಿಯನ್ ಕಂಪೆನಿ ಹೂಡಿದ ಮೊಕದ್ದಮೆಯಲ್ಲಿ ನಿರೂಪಕರ ಖಾಸಗಿ ಸಂದೇಶಗಳು ಬಹಿರಂಗವಾದವು: ಆ ಆರೋಪವನ್ನು ಅವರೇ ನಂಬಿರಲಿಲ್ಲ! 2023ರ ಏಪ್ರಿಲ್‌ನಲ್ಲಿ ಫಾಕ್ಸ್ 78 ಕೋಟಿ 75 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು.

ಹಾಗಾದರೆ ಆ ಲೋಕದಲ್ಲಿ ತಕ್ಕಡಿಯನ್ನು ತಿದ್ದದವರು ಯಾರೂ ಇಲ್ಲವೇ? ಇದ್ದಾರೆ. ರಸಲ್ ಮೂರ್ ಅವರಲ್ಲೊಬ್ಬರು. ರಿಚರ್ಡ್ ಲ್ಯಾಂಡ್‌ರ ಬಳಿಕ ಸದರ್ನ್ ಬ್ಯಾಪ್ಟಿಸ್ಟರ ನೈತಿಕ ವಿಭಾಗದ ಮುಖ್ಯಸ್ಥರಾದವರು. ಗರ್ಭಪಾತ, ವಿವಾಹ ಮುಂತಾದ ವಿಷಯಗಳಲ್ಲಿ ಕಟ್ಟಾ ಸಂಪ್ರದಾಯವಾದಿ. 2015ರ ಡಿಸೆಂಬರ್‌ನಲ್ಲಿ ಟ್ರಂಪ್ ಮುಸ್ಲಿಮರ ಪ್ರವೇಶವನ್ನೇ ನಿಷೇಧಿಸಬೇಕೆಂದಾಗ, ಧಾರ್ಮಿಕ ಸ್ವಾತಂತ್ರ್ಯದ ಬಗ್ಗೆ ಕಾಳಜಿಯಿರುವವರೆಲ್ಲರೂ ಇದನ್ನು ಖಂಡಿಸಬೇಕೆಂದು ಬರೆದರು. 2016ರಲ್ಲಿ ನ್ಯೂಜೆರ್ಸಿಯ ಬಾಸ್ಕಿಂಗ್ ರಿಜ್ ಎಂಬಲ್ಲಿ ಮಸೀದಿ ನಿರ್ಮಾಣಕ್ಕೆ ಸ್ಥಳೀಯಾಡಳಿತ ಅನುಮತಿ ನಿರಾಕರಿಸಿದ ಮೊಕದ್ದಮೆಯಲ್ಲಿ ಮೂರ್‌ರ ವಿಭಾಗವು ಮಸೀದಿಯ ಪರವಾಗಿ ನ್ಯಾಯಾಲಯಕ್ಕೆ ಮನವಿ ಸಲ್ಲಿಸಿತು. ಅದೇ ಜೂನ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಜರುಗಿದ ವಾರ್ಷಿಕ ಸಮಾವೇಶದಲ್ಲಿ ಪಾದ್ರಿಯೊಬ್ಬರು ಎದ್ದು ನಿಂತು, ಮಸೀದಿ ಕಟ್ಟುವ ಹಕ್ಕನ್ನು ಕ್ರೈಸ್ತನೊಬ್ಬ ಹೇಗೆ ಬೆಂಬಲಿಸುತ್ತಾನೆಂದು ಕೇಳಿದರು. ಇದು ನನ್ನ ಪಾಲಿಗೆ ಅತಿ ಸುಲಭದ ಪ್ರಶ್ನೆ ಎಂದು ಮೂರ್ ಆರಂಭಿಸಿದರು. ಮಸೀದಿಯನ್ನು ತಡೆಯುವ ಬಲವುಳ್ಳ ಸರಕಾರ ನಾಳೆ ಬ್ಯಾಪ್ಟಿಸ್ಟ್ ಚರ್ಚನ್ನೂ ತಡೆಯಬಲ್ಲುದು; ಸರಕಾರದ ಬಲದಿಂದ ಯಾರ ಹೃದಯವೂ ಪರಿವರ್ತನೆಯಾಗುವುದಿಲ್ಲ ಎಂಬುದು ಅವರ ಉತ್ತರವಾಗಿತ್ತು. 2017ರಲ್ಲಿ ಸ್ಥಳೀಯಾಡಳಿತ 32.5 ಲಕ್ಷ ಡಾಲರ್ ಪರಿಹಾರಕ್ಕೆ ಒಪ್ಪಿ ಮೊಕದ್ದಮೆ ಮುಗಿಸಿತು.

ಮೂರ್ ತೆತ್ತ ಬೆಲೆಯೂ ಸಣ್ಣದಲ್ಲ. ಅವರ ನಿಲುವುಗಳಿಂದ ಸಿಟ್ಟಾದ ನೂರಕ್ಕೂ ಹೆಚ್ಚು ಚರ್ಚ್‌ಗಳು ಕೇಂದ್ರ ನಿಧಿಗೆ ಹಣ ತಡೆಹಿಡಿಯುವ ಬೆದರಿಕೆ ಹಾಕಿದವು ಅಥವಾ ತಡೆಹಿಡಿದವು. 2021ರಲ್ಲಿ ಅವರು ಆ ಹುದ್ದೆಯನ್ನೂ ಪಂಗಡವನ್ನೂ ತೊರೆದು, 1956ರಲ್ಲಿ ಬಿಲ್ಲಿ ಗ್ರಹಾಂ ಸ್ಥಾಪಿಸಿದ 'ಕ್ರಿಶ್ಚಿಯಾನಿಟಿ ಟುಡೇ' ಪತ್ರಿಕೆ ಸೇರಿದರು. ಆ ಪತ್ರಿಕೆ 2019ರ ಡಿಸೆಂಬರ್‌ನಲ್ಲೇ ಟ್ರಂಪ್‌ರನ್ನು ಅಧಿಕಾರದಿಂದ ಇಳಿಸಬೇಕೆಂದು ಸಂಪಾದಕೀಯ ಬರೆದಿತ್ತು. ಕ್ಲಿಂಟನ್‌ರ ಕುರಿತು 1998ರಲ್ಲಿ ತಾವು ಬರೆದುದನ್ನೇ ಎತ್ತಿ ತೋರಿಸಿ, ಅಂದಿನ ಮಾನದಂಡ ಇಂದಿಗೂ ಅನ್ವಯಿಸುತ್ತದೆಂದು ಅದು ಹೇಳಿತು. ಬಿಲ್ಲಿ ಗ್ರಹಾಂರ ಮಗ ಫ್ರಾಂಕ್ಲಿನ್ ಮಾತ್ರ ಬಹಿರಂಗವಾಗಿಯೇ ಪತ್ರಿಕೆಯ ವಿರುದ್ಧ ನಿಂತರು. 2001ರಲ್ಲಿ ಇಸ್ಲಾಮನ್ನು ದುಷ್ಟ ಧರ್ಮವೆಂದವರು ಇದೇ ಫ್ರಾಂಕ್ಲಿನ್.

ಇನ್ನೊಂದು ಪ್ರಕರಣ ಹೇಳಿ ನಿಲ್ಲಿಸುತ್ತೇನೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮೇರಿಲ್ಯಾಂಡ್‌ನ ಮಾಂಟ್ಗೊಮರಿ ಕೌಂಟಿಯ ಶಾಲಾ ಮಂಡಳಿ ಸಲಿಂಗ ಸಂಬಂಧ ಮತ್ತು ಲಿಂಗ ಗುರುತಿಗೆ ಸಂಬಂಧಿಸಿದ ಕಥಾ ಪುಸ್ತಕಗಳನ್ನು ಪುಟ್ಟ ಮಕ್ಕಳ ತರಗತಿಗೂ ತಂದಿತು. 2023ರಲ್ಲಿ, ಆ ಪಾಠದ ವೇಳೆ ಮಕ್ಕಳನ್ನು ಹೊರಗಿಡಲು ಹೆತ್ತವರಿಗಿದ್ದ ಅವಕಾಶವನ್ನು ರದ್ದುಪಡಿಸಿತು. ಮುಸ್ಲಿಂ, ಕೆಥೊಲಿಕ್ ಮತ್ತು ಆರ್ಥೊಡಾಕ್ಸ್ ಹೆತ್ತವರು ಒಟ್ಟಾಗಿ ನ್ಯಾಯಾಲಯಕ್ಕೆ ಹೋದರು. ಮೊಕದ್ದಮೆಯ ಹೆಸರಿನಲ್ಲಿ ಮೊದಲು ಇರುವುದು ಮಹ್ಮೂದ್. ವಾದಿಸಿದ್ದು ಬೆಕೆಟ್ ಎಂಬ ಧಾರ್ಮಿಕ ಸ್ವಾತಂತ್ರ್ಯದ ಕಾನೂನು ಸಂಸ್ಥೆ. ಅರ್ಕಾನ್ಸಾಸ್‌ನ ಮುಸ್ಲಿಂ ಕೈದಿಯೊಬ್ಬನಿಗೆ ಅರ್ಧ ಇಂಚು ಗಡ್ಡ ಬಿಡುವ ಹಕ್ಕನ್ನು 2015ರಲ್ಲಿ ಸುಪ್ರೀಂ ಕೋರ್ಟಿನಿಂದ ಸರ್ವಾನುಮತದಿಂದ ಗಳಿಸಿಕೊಟ್ಟದ್ದೂ ಅದೇ ಸಂಸ್ಥೆ. 2025ರ ಜೂನ್ 27ರಂದು ಆರು-ಮೂರರ ಬಹುಮತದಿಂದ ಹೆತ್ತವರ ಪರ ತೀರ್ಪು ಬಂತು. ಅದನ್ನು ಬರೆದವರು ಸಂಪ್ರದಾಯವಾದಿ ನ್ಯಾಯಮೂರ್ತಿ ಸ್ಯಾಮ್ಯುವೆಲ್ ಅಲಿಟೊ. 2018ರಲ್ಲಿ ಐದು-ನಾಲ್ಕರ ಬಹುಮತದಿಂದ ಟ್ರಂಪ್‌ರ ಪ್ರಯಾಣ ನಿಷೇಧವನ್ನು ಎತ್ತಿಹಿಡಿದ ಐವರಲ್ಲೂ ಅವರಿದ್ದರು.

ಈ ಎರಡು ತೀರ್ಪುಗಳನ್ನು ಅಕ್ಕಪಕ್ಕದಲ್ಲಿಟ್ಟು ಏನು ಬರೆಯಬೇಕೆಂದು ಕಳೆದ ವರ್ಷ ನನ್ನ ಮೇಜಿನ ಮುಂದೆ ಬಹಳ ಹೊತ್ತು ಕುಳಿತಿದ್ದೆ. ಮೊದಲನೆಯದಕ್ಕೆ ಹೊಗಳಿಕೆ, ಎರಡನೆಯದಕ್ಕೆ ಖಂಡನೆ ಸಲೀಸಾಗಿ ಬರುತ್ತಿತ್ತು. ಎರಡಕ್ಕೂ ಒಂದೇ ಅಳತೆಗೋಲು ಹುಡುಕುವಾಗ ಮಾತ್ರ ಲೇಖನಿ ನಿಂತಿತು. ಆ ಲೇಖನ ಇನ್ನೂ ಪೂರ್ತಿಯಾಗಿಲ್ಲ. ನಿಮ್ಮಲ್ಲಿ ಯಾರಿಗಾದರೂ ಉತ್ತರ ಹೊಳೆದರೆ ಪ್ರಶ್ನೋತ್ತರದ ವೇಳೆ ಹೇಳಬಹುದು.