ವಿದ್ಯುಚ್ಛಕ್ತಿಗೆ ಬಂಡವಾಳ ಎಲ್ಲಿಂದ?

ದೇವದುರ್ಗದ ಮನೆಯೊಂದರಲ್ಲಿ ಸಂಜೆ ಗುಂಡಿ ಒತ್ತಿದರೆ ದೀಪ ಹೊತ್ತಿಕೊಳ್ಳುತ್ತದೆ, ರೇಡಿಯೋ ಮಾತನಾಡತೊಡಗುತ್ತದೆ. ಆ ದೀಪಕ್ಕಾಗಿ ಎಷ್ಟೋ ವರ್ಷಗಳ ಹಿಂದೆಯೇ ಯಾರೋ ಹಣ ಹಾಕಿ, ಅದು ಹಿಂತಿರುಗುವ ದಿನವನ್ನು ಕಾದಿರುತ್ತಾರೆ. ಇದನ್ನು ನಾವು ನೆನೆಯುವುದು ಕಡಿಮೆ. ಬಾವಿ ತೋಡಿಸಿದ ರೈತನಿಗೆ ಖರ್ಚು ಮೊದಲು, ಬೆಳೆ ಆಮೇಲೆ. ವಿದ್ಯುದಾಗಾರದ ಕಥೆಯೂ ಅದೇ.

ಆಫ್ರಿಕ ಖಂಡದಲ್ಲಿ ಇಂದಿಗೂ ಸುಮಾರು 60 ಕೋಟಿ ಜನರಿಗೆ ವಿದ್ಯುತ್ತಿಲ್ಲ. ಅವರಲ್ಲಿ 30 ಕೋಟಿ ಜನರಿಗೆ 2030ರೊಳಗೆ ಅದನ್ನು ಮುಟ್ಟಿಸಬೇಕೆಂದು ವಿಶ್ವ ಬ್ಯಾಂಕು ಮತ್ತು ಆಫ್ರಿಕದ ಅಭಿವೃದ್ಧಿ ಬ್ಯಾಂಕು 2024ರಲ್ಲಿ ಸಂಕಲ್ಪ ಮಾಡಿದವು. ಅಲ್ಲಿನ ಸರ್ಕಾರಗಳು ಹೊರಗಿನ ಬಂಡವಾಳವನ್ನು ಕರೆಯುತ್ತಿವೆ. ಹಣ ಹಾಕುವವರು ಕೇಳುವುದು ಎರಡೇ ಮಾತು: ಕೊಳ್ಳುವವರು ಯಾರು? ಕೊಂಡವರು ಹಣ ಕೊಡುವರೇ?

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರ ಶಿವನಸಮುದ್ರದ ಯೋಜನೆಯನ್ನು ಕೈಗೊಂಡಾಗ, ವಿದ್ಯುತ್ತನ್ನು ಕೊಳ್ಳುವ ಗಿರಾಕಿಯನ್ನು ಮೊದಲೇ ಗೊತ್ತುಮಾಡಿಕೊಂಡಿತು. ಆ ಗಿರಾಕಿ ಕೋಲಾರದ ಚಿನ್ನದ ಗಣಿಗಳು. ಯಂತ್ರಗಳು ಅಮೆರಿಕ ಮತ್ತು ಸ್ವಿಟ್ಜರ್ಲೆಂಡಿನಿಂದ ಬಂದವು. 1902ರಲ್ಲಿ ಸುಮಾರು 92 ಮೈಲಿ ತಂತಿಯ ಮೇಲೆ ವಿದ್ಯುತ್ತು ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು 1905ರಲ್ಲಿ. ಖಾತರಿಯ ಗಿರಾಕಿಯ ಬೆನ್ನಹಿಂದೆ ಊರಿನ ಬೆಳಕು ಬಂದಿತು.

ಗಾನಾ ದೇಶವೂ ಇದೇ ದಾರಿ ಹಿಡಿಯಿತು. ವೋಲ್ಟಾ ನದಿಗೆ ಕಟ್ಟಿದ ಅಕೊಸೊಂಬೊ ಅಣೆಕಟ್ಟು 1966ರಲ್ಲಿ ಉದ್ಘಾಟನೆಯಾಯಿತು. ವಿಶ್ವ ಬ್ಯಾಂಕು ಸಾಲ ಕೊಟ್ಟಿತು. ಟೆಮಾದಲ್ಲಿ ಅಮೆರಿಕದ ಕಂಪನಿಗಳು ತೆರೆದ ಅಲ್ಯೂಮಿನಿಯಂ ಕಾರ್ಖಾನೆ ದೊಡ್ಡ ಗಿರಾಕಿಯಾಯಿತು. ಆದರೆ ಆ ಕಾರ್ಖಾನೆಗೆ ಒಪ್ಪಿಕೊಂಡ ದರ ತೀರ ಅಗ್ಗವಾಗಿತ್ತು. ಅದನ್ನು ಏರಿಸಲು ಗಾನಾ 1980ರ ದಶಕದಲ್ಲಿ ಮತ್ತೆ ಚೌಕಾಸಿಗೆ ಕೂಡಬೇಕಾಯಿತು. ಅಣೆಕಟ್ಟಿನ ಹಿನ್ನೀರಿಗಾಗಿ ಸುಮಾರು 80,000 ಜನ ಮನೆಮಠ ಬಿಟ್ಟರು. ಗಿರಾಕಿ ಬೇಕು, ನಿಜ. ಅವನ ಮುಂದೆ ಕೈಕಟ್ಟಿ ನಿಂತು ಬರೆದ ಕರಾರು ಮಾತ್ರ ಬಹುಕಾಲ ಕಾಡುತ್ತದೆ.

ಈಗ ನಮ್ಮ ಜಿಲ್ಲೆಗೆ ಬರೋಣ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಕೆಲಸ ಆರಂಭಿಸಿತು. ಮುಂದೆ ಎಂಟು ಘಟಕಗಳಾಗಿ ಒಟ್ಟು ಸಾಮರ್ಥ್ಯ 1,720 ಮೆಗಾವಾಟಿಗೆ ಏರಿತು. ಅದನ್ನು ಕಟ್ಟಿದ್ದು ರಾಜ್ಯದ ವಿದ್ಯುತ್ ನಿಗಮ. ಯರಮರಸಿನಲ್ಲಿ ದಾರಿ ಬೇರೆಯಾಯಿತು. ಅಲ್ಲಿ ಆ ನಿಗಮವೂ ಯಂತ್ರ ತಯಾರಿಸುವ ಬಿ.ಎಚ್.ಇ.ಎಲ್. ಸಂಸ್ಥೆಯೂ ಪಾಲುಗಾರರಾಗಿ, ತಲಾ 800 ಮೆಗಾವಾಟಿನ ಎರಡು ಘಟಕಗಳನ್ನು ನಿಲ್ಲಿಸಿದವು. ಯಂತ್ರ ಮಾರಿದವನೇ ಪಾಲುಗಾರನೂ ಆದರೆ, ಯಂತ್ರ ಚೆನ್ನಾಗಿ ನಡೆಯುವುದರಲ್ಲಿ ಅವನಿಗೂ ಹಿತವಿರುತ್ತದೆ.

ಆದರೂ ತಂತಿಯ ಕೊನೆ ಇರುವುದು ನಿಮ್ಮ ಮನೆಯಲ್ಲಿ, ನಿಮ್ಮ ಹೊಲದ ಪಂಪಿನಲ್ಲಿ. ರಾಜ್ಯದಲ್ಲಿ 10 ಅಶ್ವಶಕ್ತಿವರೆಗಿನ ನೀರಾವರಿ ಪಂಪುಗಳಿಗೆ ವಿದ್ಯುತ್ತು ಉಚಿತ; 2023ರಿಂದ ಗೃಹಜ್ಯೋತಿಯೂ ಬಂದಿದೆ. ಮಳೆ ನೆಚ್ಚಿದ ಸೀಮೆಗೆ ಇದು ದೊಡ್ಡ ಆಸರೆ. ಆದರೆ ಉಚಿತವೆಂಬುದು ಬಳಸಿದವನ ಮಟ್ಟಿಗೆ. ಲೆಕ್ಕದ ಪುಸ್ತಕದಲ್ಲಿ ಅದಕ್ಕೂ ಬೆಲೆಯುಂಟು. ಆ ಬೆಲೆಯನ್ನು ಸರ್ಕಾರ ವಿತರಣಾ ಕಂಪನಿಗೆ ಹೊತ್ತಿಗೆ ಸರಿಯಾಗಿ ತುಂಬಿಕೊಡಬೇಕು. ಕಂಪನಿ ಅದನ್ನು ಉತ್ಪಾದಕರಿಗೆ ಮುಟ್ಟಿಸಬೇಕು. ಒಂದು ಕೊಂಡಿ ಸಡಿಲವಾದರೂ ಹೊಸದಾಗಿ ಹಣ ಹಾಕುವವರು ಹಿಂಜರಿಯುತ್ತಾರೆ, ಇಲ್ಲವೆ ಹೆಚ್ಚು ಬಡ್ಡಿ ಕೇಳುತ್ತಾರೆ. ಆ ಬಡ್ಡಿ ಕೊನೆಗೆ ನಮ್ಮ ತಲೆಯ ಮೇಲೆಯೇ ಬರುತ್ತದೆ.

ಬಂಡವಾಳ ಬರುವುದು ಭಾಷಣದಿಂದಲ್ಲ, ನಂಬಿಕೆಯಿಂದ. ಸರಿಯಾದ ಮೀಟರು, ನೇರವಾದ ಲೆಕ್ಕ, ತಪ್ಪದ ಪಾವತಿ, ಎಲ್ಲರೂ ಓದಬಲ್ಲ ಕರಾರು ಇವು ಆ ನಂಬಿಕೆಯ ಬೇರುಗಳು. ಗಾನಾಕ್ಕೂ ಇದೇ ಮಾತು, ದೇವದುರ್ಗಕ್ಕೂ ಇದೇ ಮಾತು.