ಅಸ್ಥಿಮಜ್ಜೆಯ ದಾನ



ಮನೆಯ ಮಗುವಿಗೆ ರಕ್ತದ ಕ್ಯಾನ್ಸರೆಂದು ತಿಳಿದೊಡನೆ ಹಿಂದೂಪುರ, ಕಲ್ಯಾಣದುರ್ಗಗಳ ಕಡೆಯ ನಾವು ಬೆಂಗಳೂರಿನ ಹಾದಿ ಹಿಡಿಯುತ್ತೇವೆ. ಔಷಧೋಪಚಾರದಿಂದಲೇ ಗುಣಹೊಂದುವ ಮಕ್ಕಳು ಬಹುಮಂದಿ. ಔಷಧಕ್ಕೆ ಮಣಿಯದ ರೋಗಕ್ಕೆ ಅಸ್ಥಿಮಜ್ಜೆಯ ಕಸಿ ಬೇಕಾಗುತ್ತದೆ. ನಮ್ಮ ದೇಶದಲ್ಲಿ ಈ ಚಿಕಿತ್ಸೆ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮೊದಲಾಯಿತು.

ಆದರೆ ಮಜ್ಜೆಯನ್ನು ಕೊಡುವವರಾರು? ಇಲ್ಲಿ ರಕ್ತದ ಗುಂಪು ಮುಖ್ಯವಲ್ಲ. ತಂದೆತಾಯಿಗಳಿಂದ ಬಂದ ಅಂಗಾಂಶದ ಗುರುತುಗಳು ಹೊಂದಬೇಕು. ಒಡಹುಟ್ಟಿದವರೊಬ್ಬರಲ್ಲಿ ಅವು ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲೊಂದು. ಅಲ್ಲಿ ದೊರೆಯದಿದ್ದರೆ ಅಪರಿಚಿತರನ್ನು ಅರಸಬೇಕು. ಗುರುತುಗಳು ವಂಶಾನುಗತವಾದುದರಿಂದ, ನಮ್ಮ ಸೀಮೆಯ ಮಗುವಿಗೆ ಹೊಂದುವ ದಾನಿ ನಮ್ಮ ಜನರ ನಡುವೆಯೇ ದೊರೆಯುವ ಸಂಭವ ಹೆಚ್ಚು.

18 ವರ್ಷ ತುಂಬಿದ ಆರೋಗ್ಯವಂತರು ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಸವರಿಕೊಟ್ಟು ದಾನಿಗಳ ಪಟ್ಟಿಗೆ ಸೇರಬಹುದು. 2009ರಲ್ಲಿ ಸ್ಥಾಪಿತವಾದ ದಾತ್ರಿ ಸಂಸ್ಥೆ ಇಂಥ ಪಟ್ಟಿಯನ್ನಿರಿಸಿದೆ. ಕರೆ ಬಂದಾಗ ಬಹುಮಟ್ಟಿಗೆ ತೋಳಿನ ರಕ್ತದಿಂದಲೇ ಜೀವಕೋಶಗಳನ್ನು ಬೇರ್ಪಡಿಸಿಕೊಳ್ಳುವರು. ಕೆಲವು ವಾರಗಳಲ್ಲಿ ಅವು ಮರಳಿ ತುಂಬುತ್ತವೆ.

ಕಸಿಗೆ ಮುನ್ನ ರೋಗಿಯ ಸ್ವಂತ ಮಜ್ಜೆಯನ್ನು ಔಷಧದಿಂದ ನಾಶಗೊಳಿಸುತ್ತಾರೆ. ಆ ಗಳಿಗೆಯಲ್ಲಿ ದಾನಿ ಹಿಂದೆಗೆದರೆ ಮಗು ಉಳಿಯುವುದು ದುಸ್ತರ. ಆದುದರಿಂದ ಮನೆಯವರೆಲ್ಲರೂ ಕುಳಿತು ವಿಚಾರಿಸೋಣ. ಅಂಜಿಕೆಯಿದ್ದರೆ ಮೊದಲೇ ಹೇಳೋಣ. ಒಪ್ಪಿದ ಮೇಲೆ ಕೊಟ್ಟ ಮಾತನ್ನು ಉಳಿಸಿಕೊಳ್ಳೋಣ.