ಒಂದೇ ಕಲ್ಲಿಗೆ ಪೂರ್ತಿ ದುಡ್ಡಾ?

ವೀಕ್ಷಕರೇ, ಒಬ್ಬ ಆಟಗಾರನಿಗಾಗಿ ಪರ್ಸ್ ಖಾಲಿ ಮಾಡಬೇಕಾ? 2024ರ ನವೆಂಬರ್, ಜೆಡ್ಡಾ ಹರಾಜು. ನಮ್ಮ ಹುಡುಗ ರಾಹುಲ್ 14 ಕೋಟಿಗೆ ದೆಹಲಿ ಪಾಲಾದಾಗ ಆರ್‌ಸಿಬಿಯನ್ನ ನಾನೂ ಬೈದಿದ್ದೆ. ಆಮೇಲೆ ವೆಂಕಟೇಶ್ ಅಯ್ಯರ್‌ಗೆ ಇವರು 23.50 ಕೋಟಿವರೆಗೂ ಕೂಗಿದರು! ಕೋಲ್ಕತ್ತಾ 23.75 ಅಂದಿತು, ಪುಣ್ಯಕ್ಕೆ ಇವರು ಸುಮ್ಮನಾದರು.

ಅಲೀಪುರದಲ್ಲಿ ಹರಳಿಗೆ ಸಾಣೆ ಹಿಡಿಯೋರನ್ನ ಕೇಳಿ. ಹೊಳಪಿಗೆ ಮರುಳಾಗಿ ಒಂದೇ ಕಲ್ಲಿಗೆ ಬಂಡವಾಳ ಸುರಿದು, ಕೊಯ್ಯುವಾಗ ಒಳಗೆ ಬಿರುಕು ಕಂಡರೆ ಏನು ಗತಿ?

ಉಳಿದ ದುಡ್ಡಲ್ಲಿ ಸಾಲ್ಟ್, ಹೇಜಲ್‌ವುಡ್, ಭುವನೇಶ್ವರ್ ಬಂದರು. ಕೃನಾಲ್ ಬರೀ 5.75 ಕೋಟಿ. 2025ರ ಜೂನ್ 3ರ ಫೈನಲ್‌ನಲ್ಲಿ 4 ಓವರ್, 17 ರನ್, 2 ವಿಕೆಟ್. 18 ವರ್ಷ ಕಾದ ಕಪ್ ಬಂತು. ಅಯ್ಯರ್? ಅದೇ ಡಿಸೆಂಬರ್‌ನಲ್ಲಿ ಆರ್‌ಸಿಬಿಗೇ ಸಿಕ್ಕರು, 7 ಕೋಟಿಗೆ.